ತಿರುಪೆ ಬಟ್ಟೆ

ವಿಜಯನಗರದ ಹೋಟೆಲೊಂದರಲ್ಲಿ ಮಸಾಲೆ ದೋಸೆ ಮುಗಿಸಿ ಕೈ ತೊಳೆಯಲು ಹೋದವನು ಹಾಗೆಯೇ ವಾಪಸು ಬಂದೆ. ಬೇಸಿನ್ನಿನಲ್ಲಿ ಬಿಳಿಯ ನುಸಿಗುಳಿಗೆಗಳು ಬಿದ್ದಿದ್ದವು. ಬಟ್ಟೆಗೆ ಹುಳ ಹಿಡಿಯದಿರಲೆಂದು ಪೆಟ್ಟಿಗೆಯಲ್ಲಿ ಹಾಕಿಡುತ್ತೇವಲ್ಲ, ಅವೇ. ಚಟ್ನಿ ಮೆತ್ತಿದ ಕೈ ಎತ್ತಿಕೊಂಡು ಹೊರಟವನನ್ನು ಕ್ಯಾಷಿಯರ್, ‘ಯಾಕ್ ಸಾರ್, ನೀರು ಬರ್ತಿಲ್ವಾ?’ ಎಂದು ಕೇಳಿದ. ಬರುತ್ತಿತ್ತು. ಅವನಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ.

ಹುಟ್ಟಿದ ಮಗುವಿಗೆ ಹೊಸ ಬಟ್ಟೆ ಸೋಕಿಸಬಾರದು, ಅಜ್ಜಿಯ ಹಳೆಯ ಸೀರೆಯಲ್ಲೇ ಸುತ್ತಬೇಕು ಎಂಬುದು ಕೆಂಗೇರಿಯ ನಮ್ಮ ಮನೆಯ ಕಟ್ಟಳೆ. ತಂಗಿ ಸುಮಾ ಬಸುರಿ ಎಂದು ತಿಳಿದದ್ದೇ ತಡ, ಅಮ್ಮ ತನ್ನ ಮೆತ್ತನೆಯ ಸೀರೆಯೊಂದನ್ನು ಮಡಿಸಿ, ಬೊಗಸೆ ತುಂಬ ಗುಳಿಗೆ ಹಾಕಿ ಟ್ರಂಕಿನಲ್ಲಿಟ್ಟಳು. ಕಟ್ಟಳೆಯ ಮಾತು ಬಂದಾಗ ಇದನ್ನೂ ಹೇಳಿಬಿಡುತ್ತೇನೆ: ಮನೆಯಲ್ಲಿ ನನ್ನ ಹೆಸರು ತಿರುಕ. ಚಿಕ್ಕಂದಿನಲ್ಲಿ ಸಿಕ್ಕಿದವರ ಮನೆಯಲ್ಲೆಲ್ಲ ಉಂಡು ಬರುತ್ತಿದ್ದೆ. ಅದಕ್ಕೇ ಈ ಬಿರುದು ಎಂದು ನಂಬಿದ್ದೆ. ಗೆಳೆಯರೆದುರು ಅಮ್ಮ ಹಾಗೆ ಕೂಗಿದರೆ ಮೈಯೆಲ್ಲ ಉರಿಯುತ್ತಿತ್ತು.

ಸುಮಾಳ ಮಗ ಆ ಸೀರೆಯೊಳಗೆ ಹಾಯಾಗಿ ಮಲಗಿದ. ಮನೆಗೆ ಬಂದ ಕೆಲವೇ ದಿನಗಳಲ್ಲಿ ಹಳದಿಯಾದ, ಆಮೇಲೆ ಬಿಳಿಚಿಕೊಂಡ, ಹಾಲು ಕುಡಿಯುವುದನ್ನೇ ಬಿಟ್ಟ. ಬಸವೇಶ್ವರನಗರದ ಡಾಕ್ಟರಮ್ಮ ಮಗುವನ್ನು ಎತ್ತಿಕೊಂಡವರೇ ಮೊದಲು ಸೀರೆಯನ್ನು ಮೂಸಿದರು. ಅದನ್ನು ಬಿಚ್ಚಿ ಹೊರಗೆ ಹಾಕಿಸಿ, ರಕ್ತ ಕೊಡಿಸಲು ಮಗುವನ್ನು ಒಳಗೆ ಕರೆದೊಯ್ದರು.

ಮಗು ಉಳಿಯಿತು. ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ಹೇಳಿದರು: ‘ಇವನ ರಕ್ತದಲ್ಲಿ ಒಂದು ಎಂಜೈಮ್ ಕಡಿಮೆ ಇದೆ. ಇಂಥವರಿಗೆ ಆ ಗುಳಿಗೆ ವಾಸನೆ ತಾಗಿದ್ರೆ ರಕ್ತದ ಕಣಗಳು ಒಡೆದು ಹೋಗ್ತವೆ. ಇದು ತಾಯಿ ಕಡೆಯಿಂದ ಗಂಡುಮಕ್ಕಳಿಗೆ ಬರತ್ತೆ.’ ಆಮೇಲೆ ಅಮ್ಮನ ಕಡೆ ತಿರುಗಿ, ‘ನಿಮ್ಗೆ ಗಂಡುಮಕ್ಕಳು ಎಷ್ಟು ಜನ ಅಮ್ಮ?’ ಎಂದರು.

‘ಇಬ್ರು,’ ಎಂದಳು ಅಮ್ಮ.

ನಾನು ಬೆಚ್ಚಿದೆ. ನಾನು ಬಲ್ಲಂತೆ ನಾನೊಬ್ಬನೇ.

‘ಇವನಿಗಿಂತ ಮುಂಚೆ ಒಬ್ಬ ಇದ್ದ. ನಮ್ಮತ್ತೆ ಸೀರೇಲಿ ಸುತ್ತಿದ್ದೆ, ಅದೇ ಟ್ರಂಕಿಂದು. ಹಿಂಗೇ ಹಳದಿಯಾದ, ಹೋದ. ದೃಷ್ಟಿ ಅಂದ್ರು. ಅದಕ್ಕೇ ಇವನು ಹುಟ್ಟಿದಾಗ ಮನೆ ಬಟ್ಟೆ ಸೋಕಿಸ್ಲೇ ಇಲ್ಲ. ಕಂಡೋರ ಮನೇಲಿ ಸೆರಗೊಡ್ಡಿ ಹಳೇ ಬಟ್ಟೆ ಬೇಡ್ಕೊಂಡು ಬಂದೆ. ಅದರಲ್ಲೇ ಸುತ್ತಿ, ತಿರುಕ ಅಂತ ಕರೆದೆ.’

ನನ್ನ ರಕ್ತವನ್ನೂ ಪರೀಕ್ಷಿಸಿದರು. ನನ್ನಲ್ಲೂ ಅದೇ ಕೊರತೆ. ದಿನಬಳಕೆಯ ಆ ತಿರುಪೆ ಬಟ್ಟೆಗಳು ಯಾವ ಪೆಟ್ಟಿಗೆಯನ್ನೂ ಕಂಡಿರಲಿಲ್ಲ, ಆದ್ದರಿಂದ ನಾನು ಬದುಕಿದ್ದೇನೆ. ಮನೆಗೆ ಬಂದ ಮೇಲೆ ಅಮ್ಮ ಟ್ರಂಕಿನೆದುರು ಕೂತು, ‘ನಿಮ್ಮಣ್ಣನಿಗೆ ಚಳಿ ಆಗ್ಬಾರ್ದು ಅಂತ ಇನ್ನೊಂದು ಸುತ್ತು ಸುತ್ತಿದ್ದೆ ಕಣೋ,’ ಎಂದಳು.

ಕ್ಯಾಷಿಯರ್ ತಾನೇ ಒಂದು ಲೋಟ ನೀರು ತಂದು ಬಾಗಿಲ ಹೊರಗೆ ನನ್ನ ಕೈಗೆ ಹಾಕಿದ. ಅಷ್ಟರಲ್ಲಿ ಫೋನು. ಎಡಗೈಯಲ್ಲಿ ತೆಗೆದರೆ ಅಮ್ಮನ ದನಿ, ಪಕ್ಕದವರಿಗೂ ಕೇಳುವಷ್ಟು ಜೋರಾಗಿ: ‘ಎಲ್ಲಿದೀಯೋ ತಿರುಕ?’

ಕ್ಯಾಷಿಯರ್ ನಕ್ಕ. ನಾನು ಅವಳಿಗಿಂತ ಜೋರಾಗಿ ಹೇಳಿದೆ: ‘ತಿರುಕ ಇಲ್ಲೇ ಇದಾನೆ ಅಮ್ಮ. ಬರ್ತಾ ಇದಾನೆ.’