ಕಂದು ರಟ್ಟಿನ ವಿದ್ವತ್ತು

ಮೇಣದಬತ್ತಿಯ ಬೆಳಕಿನಲ್ಲಿ ದಪ್ಪ ಗ್ರಂಥ ಬಿಡಿಸಿಕೊಂಡು ಕುಳಿತ ಗಡ್ಡದ ಮುದುಕರು, ಯುರೋಪಿನ ಆ ಹಳೆಯ ಚಿತ್ರಗಳಲ್ಲಿ ಇರುತ್ತಾರಲ್ಲ, ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಖದ ಮೇಲಷ್ಟೇ ಬೆಳಕು, ಉಳಿದದ್ದೆಲ್ಲ ಕತ್ತಲು. ಅದರಲ್ಲಿ ಕಲಾವಿದ ಬಳಿದದ್ದು ಸ್ವಲ್ಪ, ಕಾಲಕ್ರಮದಲ್ಲಿ ವಾರ್ನಿಷ್ ಕಪ್ಪಾದದ್ದು ಸ್ವಲ್ಪ ಎಂದು ಬಲ್ಲವರು ಹೇಳುತ್ತಾರೆ. ಆ ಗಾಂಭೀರ್ಯದಲ್ಲಿ ಕೊಳೆಗೂ ಪಾಲಿದೆ ಎಂದಾಯಿತು. ಗಡ್ಡ ನನಗೂ ಇದೆ, ನಾನೂ ಓದುತ್ತೇನೆ. ಆದರೆ ಈ ತೆಲುಗು ಮಹಾನಗರದ ಕುಷಾಯಿಗೂಡದಲ್ಲಿರುವ ನಮ್ಮ ಮನೆಯ ಟ್ಯೂಬ್‌ಲೈಟಿನ ಕೆಳಗೆ ಕುಳಿತರೆ ಕಳೆದುಹೋದ ರೇಷನ್ ಕಾರ್ಡ್ ಹುಡುಕುವವನಂತೆ ಕಾಣುತ್ತೇನೆ.

ಊರಿನ ಇನ್ನೊಂದು ತುದಿಯ ಮಿಯಾಪುರದಲ್ಲಿರುವ ಮಗಳು ಶ್ರುತಿ ಈಗ ಈ ಚಿತ್ರಗಳಿಗೆ ಮನಸೋತಿದ್ದಾಳೆ. ಮನೆ ಸಿಂಗರಿಸುವ ಈ ಹೊಸ ಶೋಕಿಗೆ ಡಾರ್ಕ್ ಅಕಾಡೆಮಿಯಾ ಎನ್ನುತ್ತಾರಂತೆ. ಕಂದು ಗೋಡೆ, ದಪ್ಪ ಪರದೆ, ಹಳೆಯ ಪುಸ್ತಕ ಇದ್ದರಾಯಿತು, ವಿದ್ವತ್ತು ಕಡ್ಡಾಯವಲ್ಲ. ಒಂದು ದಿನ ಬಂದು ನನ್ನ ಪುಸ್ತಕಗಳನ್ನು ಕೇಳಿದಳು. ನಾನು ಉಬ್ಬಿಹೋದೆ. ನಮ್ಮ ರಾಯಚೂರಿನ ಕನ್ನಡವನ್ನು ಅರಳು ಹುರಿದಂತೆ ಮಾತಾಡುವ ಹುಡುಗಿಗೆ ಓದಲು ಒಂದಕ್ಷರ ಬಾರದು. ಈಗಲಾದರೂ ಕಲಿಯುತ್ತಾಳೆಂದು ಸುಲಭದ ಪುಸ್ತಕಗಳನ್ನು ಆರಿಸಿಟ್ಟೆ. ಅವಳು ಅವನ್ನು ಪಕ್ಕಕ್ಕೆ ಸರಿಸಿ ಕಂದು ರಟ್ಟಿನವನ್ನು ಮಾತ್ರ ಎತ್ತಿಕೊಂಡಳು. ಅವುಗಳ ಜೊತೆ ನನ್ನ ಪಿಎಚ್.ಡಿ. ಪ್ರಬಂಧವೂ ಹೋಯಿತು. ಪರೀಕ್ಷಕರನ್ನು ಬಿಟ್ಟರೆ ಅದನ್ನು ಯಾರೂ ಓದಿಲ್ಲ. ಪರೀಕ್ಷಕರ ಬಗ್ಗೆಯೂ ನನಗೆ ಅನುಮಾನವಿದೆ.

ಮುಂದಿನ ಭಾನುವಾರ ಅವಳ ಮನೆಗೆ ಊಟಕ್ಕೆ ಹೋದೆ. ಮಟಮಟ ಮಧ್ಯಾಹ್ನ ಪರದೆ ಎಳೆದಿದ್ದಳು. ಗೋಡೆಯ ಮೇಲೆ ಗಡ್ಡದ ಮುದುಕ, ಅವನ ಕೆಳಗೆ ನನ್ನ ಪುಸ್ತಕಗಳ ಪೇರಿ, ಪೇರಿಯ ಮೇಲೊಂದು ದೀಪ. ಅವಳ ಆಫೀಸಿನ ಗೆಳೆಯ ವೆಂಕಟ್, ತೆಲುಗಿನವನು, ಬಗ್ಗಿ ನನ್ನ ಪ್ರಬಂಧದ ಬೆನ್ನಿನ ಬಂಗಾರದ ಅಕ್ಷರಗಳನ್ನು ಕೂಡಿಸಿ ಓದತೊಡಗಿದ. ಎರಡು ಲಿಪಿಗಳೂ ಅಕ್ಕತಂಗಿಯರಲ್ಲವೇ, ತಡವರಿಸುತ್ತಲೇ ಮುಗಿಸಿದ. "ಗಡಿನಾಡ ಕನ್ನಡದ ಬೈಗುಳಗಳು."

ಅವನಿಗೆ ಅರ್ಥವಾಗಲಿಲ್ಲ. ಶ್ರುತಿಗೆ ಆಯಿತು. ಓದಬಲ್ಲವನು ಒಬ್ಬ, ತಿಳಿಯಬಲ್ಲವಳು ಇನ್ನೊಬ್ಬಳು. ಇಬ್ಬರೂ ಸೇರಿ ನನಗೆ ಇಷ್ಟು ವರ್ಷಕ್ಕೆ ಒಬ್ಬ ಓದುಗ ಸಿಕ್ಕಂತಾಯಿತು.

"ಅಪ್ಪಾ, ನೀವು ಬೈಗುಳದ ಮ್ಯಾಲೆ ಪಿಎಚ್.ಡಿ. ಮಾಡೀರೇನ್ರಿ?" ಎಂದು ಬಿದ್ದು ಬಿದ್ದು ನಕ್ಕಳು. ವೆಂಕಟ್ ಓದಲಿ, ತಾನು ಕೇಳುತ್ತೇನೆ ಎಂದು ದೀಪ ತೆಗೆದು ಪುಸ್ತಕವನ್ನು ಎಳೆದಳು. ಅದು ಬರಲಿಲ್ಲ. ಮತ್ತೆ ಎಳೆದಳು. ಅವಳ ನಗು ನಿಂತಿತು.

"ದೀಪ ಅಲ್ಲಾಡಬಾರದಂತ ರಟ್ಟಿಗೂ, ಒಳಗಿನ ಎಲ್ಲಾ ಹಾಳಿಗೂ ಗೋಂದು ಹಚ್ಚೀನ್ರಿ ಅಪ್ಪಾ."

ಸಿಟ್ಟು ನೆತ್ತಿಗೇರಿತು. ಅಂಟಿಹೋದ ಆ ಪುಟಗಳೊಳಗಿನದೇ ಒಂದು ಖಾರವಾದ ಬೈಗುಳ ನಾಲಿಗೆಯ ತುದಿಗೆ ಬಂತು. ಆದರೆ ಯಾರಿಗೆಂದು ಬೈಯಲಿ? ಜೀವಮಾನವಿಡೀ ಈ ಊರಿನಲ್ಲಿ ಕನ್ನಡ ಮಾಸ್ತರನಾಗಿ ಕಂಡವರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿ, ಸ್ವಂತ ಮಗಳನ್ನು ಮಾತ್ರ ದಿನಾ ಬೆಳಿಗ್ಗೆ ಇಂಗ್ಲಿಷ್ ಶಾಲೆಯ ಬಸ್ಸು ಹತ್ತಿಸಿ ಬರುತ್ತಿದ್ದವನು ನಾನೇ. ಬೈಗುಳವನ್ನು ಕೊಡಬೇಕಾದವನಿಗೇ ಕೊಟ್ಟೆ, ಮನಸ್ಸಿನಲ್ಲೇ.