ಪೆನ್ನೆಗೆ ಬಿಟ್ಟ ವಿಭೂತಿಯ ಚೂರು

ಅದು ಭಾನುವಾರ. ಹಿಂದೂಪುರದ ನಮ್ಮ ಮನೆಯ ಹಿತ್ತಿಲಲ್ಲಿ ಅಪ್ಪ ಸ್ನಾನ ಮುಗಿಸಿ, ವಿಭೂತಿ ಗಟ್ಟಿಯನ್ನು ಅಂಗೈ ನೀರಿನಲ್ಲಿ ತೇಯ್ದು, ಹಣೆಗೆ ಮೂರು ಬೆರಳು ಎಳೆದರು. ಗಟ್ಟಿ ಸವೆದು ಹುಣಸೆಬೀಜದಷ್ಟಾಗಿತ್ತು.

"ಕಲ್ಯಾಣದುರ್ಗದಾಗೆ ನಿಮ್ಮತ್ತೆ ಹೊಸದು ಮಾಡೋ ಕಾಲ. ಈ ಸಲ ನೀನೂ ಬಾ ಕಣಪ್ಪ," ಎಂದರು. ಪ್ರತಿ ವರ್ಷವೂ ಕರೆಯುತ್ತಿದ್ದರು.

"ರಜೆ ಇಲ್ಲಪ್ಪ. ಪೇಟೇಲಿ ಸಿಗಾಕಿಲ್ವಾ?"

"ಪೇಟೆ ಬೂದಿ ಪೇಟೆಗೇ ಇರ್ಲಿ," ಎಂದು ನಕ್ಕರು. ಮರುದಿನ ಬೆಳಿಗ್ಗೆ ಅವರು ಏಳಲಿಲ್ಲ.

ತಿಂಗಳ ಕರ್ಮ ಮುಗಿಸಿ, ಹೊಸ ವಿಭೂತಿ ತರಲು ನಾನೊಬ್ಬನೇ ಕಲ್ಯಾಣದುರ್ಗಕ್ಕೆ ಹೊರಟೆ. ಕಾಲುನೋವಿನ ಅತ್ತೆಗೆ ತನ್ನ ಅಣ್ಣನ ಸಾವಿಗೆ ಬರಲಾಗಿರಲಿಲ್ಲ. ಪೆನುಕೊಂಡದಲ್ಲಿ ಬಸ್ಸು ಬದಲಿಸಿದೆ. ಮುಂದೆ ಬಿಸಿಲೇರಿ ಎಂಜಿನ್ನು ಕುದಿಯಿತು. ಡ್ರೈವರು ಬಾವಿಯಿಂದ ನೀರು ತಂದು ಸುರಿಯುವವರೆಗೆ ಬೇವಿನ ನೆರಳಲ್ಲಿ ಕೂತೆವು. ಪಕ್ಕದಲ್ಲಿದ್ದ ಕುಂದುರ್ಪಿಯ ಕುರಿಗಾಹಿ ಮುದುಕ ನನ್ನ ಮುಖ ನೋಡಿದ.

"ಏನಪ್ಪಾ, ಹಣೆ ಈಬೂತಿ ಇಲ್ದೆ ನಮ್ಮೂರ ಬೋಳುಗುಡ್ಡ ಇದ್ದಂಗೈತಲ್ಲ?"

"ಅಪ್ಪ ಹೋಗ್ಬುಟ್ರು."

"ಅಯ್ಯೋ ಪಾಪಂ," ಎಂದು ಕಂಬಳಿಯ ಗಂಟಿನಿಂದ ಹುರಿದ ಕಡಲೆಕಾಯಿ ಕೊಟ್ಟ. "ಕೊನೀಗೆ ಎಲ್ಲಾರೂ ಬೂದಿನೇ. ಅದನ್ನ ಮರೀಬಾರ್ದು ಅಂತ್ಲೇ ಹಚ್ಕೊಳ್ಳೋದು."

ನನಗೂ ಅಷ್ಟೇ ಗೊತ್ತಿತ್ತು. ಹಾಗೆಂದೇ ಅಪ್ಪನ ಆ ಸವೆದ ವಿಭೂತಿ ಚೂರನ್ನು ಅವರ ಅಸ್ಥಿಯ ಜೊತೆ ಪೆನ್ನೆ ಹೊಳೆಗೆ ಬಿಟ್ಟಿದ್ದೆ.

"ದಿಗಂಡಿ, ದಿಗಂಡಿ!" ಎಂದು ಕಂಡಕ್ಟರ್ ಎಲ್ಲರಿಗೂ ಇಳಿಯಲು ಕೂಗಿದಾಗ ಕಲ್ಯಾಣದುರ್ಗದಲ್ಲಿ ನಡುಹಗಲು. ಅತ್ತೆ ನನ್ನನ್ನು ತಬ್ಬಿ ಅತ್ತರು. ಮುದ್ದೆ, ಕಡಲೆಕಾಯಿ ಚಟ್ನಿ ಬಡಿಸಿ, ಉಂಡ ಮೇಲೆ ಕುಂಟುತ್ತಾ ಹಿತ್ತಿಲಿಗೆ ಕರೆದೊಯ್ದರು. ಸಗಣಿಯ ಉಂಡೆಗಳನ್ನು ಹೊಟ್ಟಿನಲ್ಲಿ ಸುಟ್ಟು, ಬೂದಿಯನ್ನು ನೀರಿಗೆ ಕದಡಿ, ಬಟ್ಟೆಯಲ್ಲಿ ಸೋಸಿ ಮಡಕೆಯಲ್ಲಿ ಇಳಿಯಬಿಟ್ಟಿದ್ದರು. ತಳದ ಬಿಳಿ ಕೆಸರು ಇನ್ನೂ ಹಸಿಯಾಗಿತ್ತು.

"ಒಣಗಬಾರ್ದು ಅಂತ ದಿನಾ ನೀರು ಹಾಕ್ಕಂಡು ಕಾಯ್ತಿವ್ನಿ," ಎಂದು ಅತ್ತೆ ಕೈ ಚಾಚಿದರು. "ತಾರಪ್ಪ, ಅಣ್ಣನ ಚೂರು."

"ಯಾವ ಚೂರು ಅತ್ತೆ?"

"ಸವೆದ ಈಬೂತಿ ಕಣಪ್ಪ. ಅದನ್ನ ಅರೆದು ಇದರಾಗೆ ಕಲಸಿದ್ರೇನೇ ನಮ್ಮನೇದು. ವರ್ಷಾ ವರ್ಷಾ ತರ್ತಿದ್ದ. ನಿಂಗೆ ಹೇಳಿಲ್ವಾ?"

ಅದನ್ನೆಲ್ಲ ತೋರಿಸಲೆಂದೇ ಅಪ್ಪ ಕರೆದಿರಬೇಕು. ನಾನು ಬಸ್ಸು ಹತ್ತಿರಲಿಲ್ಲ.

"ಹೊಳೆಗೆ ಬಿಟ್ಬುಟ್ಟೆ ಅತ್ತೆ."

ಚಾಚಿದ ಕೈ ಹಾಗೇ ಉಳಿಯಿತು. "ಎಂಥಾ ಕೆಲ್ಸ ಮಾಡ್ಬುಟ್ಯೋ! ಅದರಾಗೆ ನಮ್ಮಪ್ಪ ಹಚ್ಕಂಡಿದ್ದೂ ಇತ್ತು, ನಮ್ತಾತ ಹಚ್ಕಂಡಿದ್ದೂ ಇತ್ತು."

ಆಮೇಲೆ ಮಡಕೆಯ ನೀರು ಬಸಿದು, "ಬಾ, ಕೈ ಹಾಕು," ಎಂದರು. ಇಬ್ಬರೂ ಗಟ್ಟಿ ಕಟ್ಟಿದೆವು. ಎರಡು ದಿನ ಬಿಸಿಲಲ್ಲಿ ಒಣಗಿದವು. ಹೊರಡುವಾಗ ಅತ್ತೆಯೇ ನನ್ನ ಹಣೆಗೆ ಹಚ್ಚಿ, "ಬರೋ ವರ್ಷ ಚೂರು ತಾ, ಮರೀಬ್ಯಾಡ," ಎಂದರು.

ಹೊಸ ಗಟ್ಟಿಯನ್ನು ದಿನವೂ ತೇಯುತ್ತಿದ್ದೇನೆ. ಬೆಳ್ಳಗಿದೆ, ನುಣುಪಾಗಿದೆ, ಹಣೆಯ ಮೇಲೆ ಚೆನ್ನಾಗಿಯೇ ನಿಲ್ಲುತ್ತದೆ. ಅದರಲ್ಲಿ ಅಪ್ಪನ ಚೂರು ಇಲ್ಲ.