ರೋಸ್ ಅಜ್ಜಿಯ ತಾತನಿಗೆ ಅಪ್ಪ ಸಿಕ್ಕಿದರು

ಹೋದ ಶನಿವಾರ ನಮ್ಮ ಯೂನಿಯನ್ ಸಿಟಿ ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ ಎಂಬತ್ತರ ಹತ್ತಿರದ ಅಜ್ಜಿಯೊಬ್ಬರು ನನ್ನ ಕೈ ಹಿಡಿದು ಕುಣಿದುಬಿಟ್ಟರು. ಕಾರಣ? ಅವರ ತಾತನಿಗೆ ಕೊನೆಗೂ ಒಬ್ಬ ಅಪ್ಪ ಸಿಕ್ಕಿದ್ದರು!

ನಗಬೇಡಿ. ಇದು ಮಾನದ ಪ್ರಶ್ನೆ.

ಅಜ್ಜಿಯ ಹೆಸರು ರೋಸ್ ಲಾಫ್ಲೂರ್, ನಮ್ಮ ಪಕ್ಕದ ಮನೆಯವರು. ಅವರ ತಾತ ಕೆನಡಾದ ಫ್ರೆಂಚ್ ಹಳ್ಳಿಯೊಂದರಿಂದ ಅಮೆರಿಕಕ್ಕೆ ಬಂದವರು. ಇಲ್ಲಿ ಮದುವೆಯಾಗುವಾಗ ಅಪ್ಪ ಪಿಯೆರ್ ಲಾಫ್ಲೂರ್, ಅಮ್ಮ ಎಲೀಸ್ ಕಾರೋನ್ ಎಂದು ಬರೆಸಿದ್ದರು. ಆದರೆ ಆ ಊರಿನ ಚರ್ಚಿನ ರಿಜಿಸ್ಟರ್ ನೋಡಿ ಯಾರೋ ಮಾಡಿಟ್ಟಿದ್ದ ಹೆಸರುಪಟ್ಟಿಯಲ್ಲಿ ಲಾಫ್ಲೂರ್ ಎಂಬ ಮನೆತನವೇ ಇಲ್ಲ! ನೆಂಟರು ಬಿಡುತ್ತಾರೆಯೇ? ಅಪ್ಪನಿಲ್ಲದ ಕೂಸು, ಸುಳ್ಳು ಹೆಸರು ಕಟ್ಟಿಕೊಂಡು ಬಂದವನು ಎಂದು ಆಡಿಕೊಂಡರು. ರೋಸ್ ಅವರ ಅಣ್ಣ ಜೀವಮಾನವಿಡೀ ಅದನ್ನೇ ನಂಬಿ ಕೊರಗಿದವರು. ಈಗ ಆಸ್ಪತ್ರೆಯಲ್ಲಿದ್ದಾರೆ. ಅವರು ಕಣ್ಣು ಮುಚ್ಚುವುದರೊಳಗೆ ಈ ಕಳಂಕ ತೊಳೆಯಬೇಕೆಂಬುದು ತಂಗಿಯ ಹಟ.

ನಾನೋ, ಡಾಟ್‌ಕಾಮ್ ಕಂಪನಿಯೊಂದರಲ್ಲಿ ಸರ್ಚ್ ಪ್ರೋಗ್ರಾಮು ಬರೆಯುವವಳು. (ಕಂಪನಿ ಏನು ಮಾರುತ್ತದೆ ಎಂದು ಕೇಳಬೇಡಿ, ನಮಗೂ ಗೊತ್ತಿಲ್ಲ.) ಹುಡುಕಿದ್ದು ಸಿಗದಿದ್ದರೆ ನನಗೆ ಮೈಯೆಲ್ಲ ಉರಿ.

"ಆಫೀಸಲ್ಲಿ ಹುಡ್ಕೋದು ಸಾಲ್ದಾ ನಿಂಗೆ? ಕಂಡೋರ ತಾತನ್ನೂ ಹುಡುಕ್ಬೇಕಾ?" ಎಂದ ನನ್ನ ಗಂಡ.

ಬೇಕು!

ಶನಿವಾರ ಡ್ರೈಯರು ತಿರುಗುತ್ತಿತ್ತು. ರೋಸ್ ಚರ್ಚಿನ ರಿಜಿಸ್ಟರಿನ ಫೋಟೋಕಾಪಿಗಳನ್ನು ತಿರುವುತ್ತ ಗೊಣಗಿದರು: "ವಿಚಿತ್ರ ನೋಡಮ್ಮ, ಇದರಲ್ಲಿ ಹೆಂಗಸರಿಗೆ ಮದುವೆಯಾದರೂ, ಸತ್ತರೂ ತವರಿನ ಹೆಸರೇ."

ನಾನು ಟವೆಲ್ಲು ಮಡಚುವುದನ್ನು ನಿಲ್ಲಿಸಿದೆ. "ಹಾಗಾದ್ರೆ ಗಂಡನ್ನ ಬಿಡಿ, ಹೆಂಡತೀನ ಹಿಡೀರಿ!"

ಇಬ್ಬರೂ ಹಾಳೆ ಹಂಚಿಕೊಂಡು ಎಲೀಸ್ ಕಾರೋನ್ ಹೆಸರನ್ನು ಹುಡುಕಿದೆವು. ಹತ್ತೇ ನಿಮಿಷ. ತಾತನ ನಾಮಕರಣದ ಸಾಲು ಸಿಕ್ಕಿತು. ತಾಯಿ, ಎಲೀಸ್ ಕಾರೋನ್. ತಂದೆ, ಪಿಯೆರ್ ರಿವೆ ದಿ ಲಾಫ್ಲೂರ್.

ರೋಸ್ ಮುಖ ಸಪ್ಪಗಾಯಿತು. "ಇವನು ರಿವೆ. ಬೇರೆ ಯಾರೋ."

"ನಡುವೆ ಆ 'ದಿ' ಏನು?"

"ಫ್ರೆಂಚಿನಲ್ಲಿ 'ಹಾಗಂತ ಕರೀತಾರೆ' ಅಂತ."

ಅಯ್ಯೋ, ಇದು ನಮ್ಮ ಉರುಫ್ ಅಲ್ಲವೇ! ಮಂಡ್ಯದ ನಮ್ಮ ಹೊಲದ ಪಹಣಿಯಲ್ಲಿ ಅಪ್ಪ 'ಚಿಕ್ಕೇಗೌಡ ಉರುಫ್ ದೊಡ್ಡಯ್ಯ'. ಊರಿನಲ್ಲಿ ಚಿಕ್ಕೇಗೌಡರ ಮನೆ ಯಾವುದೆಂದು ಕೇಳಿದರೆ ಪೋಸ್ಟ್‌ಮ್ಯಾನೂ ತಲೆ ಕೆರೆದುಕೊಳ್ಳುತ್ತಾನೆ. ಅಪ್ಪ ಇಬ್ಬರಾದರೇ? ಪಿಯೆರ್ ಕೂಡ ಒಬ್ಬರೇ ಎಂದು ರೋಸ್‌ಗೆ ಬಿಡಿಸಿ ಹೇಳಿದೆ. ಪಟ್ಟಿ ಮಾಡಿದವರು ರಿವೆ ಎಂದಷ್ಟೇ ಬರೆದುಕೊಂಡರು. ಅಮೆರಿಕಕ್ಕೆ ಬಂದ ಮಗ ಲಾಫ್ಲೂರ್ ಎಂಬುದನ್ನಷ್ಟೇ ಉಳಿಸಿಕೊಂಡರು. ಎರಡೂ ನಿಜ!

ಬೇರೆಯವರೆಂದು ರೋಸ್ ಬದಿಗಿಟ್ಟಿದ್ದ ಹಾಳೆಗಳನ್ನು ಮತ್ತೆ ತೆಗೆದೆವು. ರಿವೆ ದಿ ಲಾಫ್ಲೂರ್‌ಗಳ ಸಾಲೇ ಇತ್ತು. ಚಿಕ್ಕಪ್ಪಂದಿರು, ಸೋದರತ್ತೆಯರು, ಮುತ್ತಾತನ ಅಪ್ಪನವರೆಗೂ! ಆಗಲೇ ಆ ಕುಣಿತ. ನಾನೂ ಕುಣಿದೆ, ಸುಳ್ಳೇಕೆ?

ಆಮೇಲೆ ರೋಸ್ ಆಸ್ಪತ್ರೆಗೆ ಫೋನು ಮಾಡಿ ಆ ಸಾಲನ್ನು ಓದಿದರು. ಅಣ್ಣ, "ಇನ್ನೊಂದು ಸಲ ಓದು. ಜೋರಾಗಿ. ಈ ನರ್ಸೂ ಕೇಳಲಿ" ಎಂದರಂತೆ. ತಂಗಿ ಮೂರು ಸಲ ಓದಿದರು. ನನ್ನ ಕಣ್ಣೂ ತುಂಬಿತು.

ಮೂರು ತಲೆಮಾರು ಎಲ್ಲರೂ ಅಪ್ಪನನ್ನೇ ಹುಡುಕಿದರು. ಅಮ್ಮನನ್ನು ಒಂದು ಮಾತು ಕೇಳೋಣ ಎಂದು ಒಬ್ಬರಿಗಾದರೂ ಹೊಳೆಯಿತೇ?